ಪಿಗ್ಮಿ ಪಾಸ್‌ಬುಕ್‌ನಿಂದ ಸ್ಕ್ರ್ಯಾಚ್ ಕಾರ್ಡ್‌ವರೆಗೆ: ಚಿಲ್ಲರೆ ಉಳಿತಾಯದ ಕಥೆ

(ಪಾಡ್‌ಕಾಸ್ಟ್‌ನ ಬರಹ ರೂಪ)

ಹೆಬ್ಬಾಳ ಫ್ಲೈಓವರ್ ಮೇಲೆ ಸಿಕ್ಕಾಕ್ಕೊಂಡು ಇದನ್ನ ಕೇಳ್ತಿರೋರಿಗೆ, ಯಲಹಂಕದಿಂದ ಮೆಜೆಸ್ಟಿಕ್‌ಗೆ ಬಸ್ಸಲ್ಲಿ ನಿಂತ್ಕೊಂಡೇ ಬರ್ತಿರೋರಿಗೆ, ಆರ್.ಟಿ. ನಗರದ ಪಿಜಿಯಲ್ಲಿ ಇಯರ್‌ಫೋನ್ ಹಾಕ್ಕೊಂಡು ಮಲಗಿರೋರಿಗೆ, ಎಲ್ಲರಿಗೂ ಸ್ವಾಗತ.

ಶುರು ಮಾಡೋ ಮುಂಚೆ ಒಂದು ಸಣ್ಣ ಕೆಲಸ. ನಿಮ್ಮ ಪೇಮೆಂಟ್ ಆ್ಯಪ್ ಓಪನ್ ಮಾಡಿ. ಅದರಲ್ಲಿ ‘ರಿವಾರ್ಡ್ಸ್’ ಅಂತ ಒಂದು ಜಾಗ ಇರುತ್ತೆ. ಅಲ್ಲಿ ಇಲ್ಲಿವರೆಗೆ ನಿಮಗೆ ಒಟ್ಟು ಎಷ್ಟು ದುಡ್ಡು ಬಂದಿದೆ ಅಂತ ನೋಡಿ. ನೋಡಿದ್ರಾ? ನನ್ನದು ಎಂಟು ವರ್ಷಕ್ಕೆ 1,134 ರೂಪಾಯಿ. ತಿಂಗಳಿಗೆ ಸುಮಾರು 12 ರೂಪಾಯಿ. ಒಂದು ಕಾಫಿಗೂ ಸಾಲದು.

ಈ ಲೆಕ್ಕ ಹಾಕೋ ಬುದ್ಧಿ ನನಗೆ ಬಂದಿದ್ದು ಅಮ್ಮನಿಂದ. 2019ರ ದೀಪಾವಳಿ ನೆನಪಿದೆಯಾ? ಗೂಗಲ್ ಪೇ ಒಂದು ಆಟ ಬಿಟ್ಟಿತ್ತು. ದೀಪ, ಹೂವು, ಝುಮ್ಕಾ, ಲ್ಯಾಂಟರ್ನ್, ರಂಗೋಲಿ, ಈ ಐದು ಸ್ಟ್ಯಾಂಪ್ ಕೂಡಿಸಿದ್ರೆ 251 ರೂಪಾಯಿ. ನಾಲ್ಕು ಎಲ್ಲರಿಗೂ ಹೇಗೋ ಸಿಕ್ತಿತ್ತು. ರಂಗೋಲಿ ಮಾತ್ರ ಸಿಗ್ತಿರಲಿಲ್ಲ. ಆಫೀಸಲ್ಲಿ, ಕಾಲೇಜ್ ಗ್ರೂಪಲ್ಲಿ, ನೆಂಟರ ವಾಟ್ಸ್‌ಆ್ಯಪ್‌ನಲ್ಲಿ ಎಲ್ಲಾ ಕಡೆ ಒಂದೇ ಮಾತು: ‘ರಂಗೋಲಿ ಇದ್ರೆ ಕಳಿಸಿ.’

ಆಗ ನಾವು ಯಶವಂತಪುರದ ಹತ್ತಿರ ಮತ್ತೀಕೆರೆಯಲ್ಲಿದ್ವಿ. ಹಬ್ಬದ ಬೆಳಗ್ಗೆ ಅಮ್ಮ ಬಾಗಿಲಲ್ಲಿ ನಿಜವಾದ ರಂಗೋಲಿ ಬಿಡ್ತಾ ಇದ್ರು, ನಾನು ಪಕ್ಕದಲ್ಲೇ ಕೂತು ಫೋನಲ್ಲಿ ರಂಗೋಲಿ ಹುಡುಕ್ತಾ ಇದ್ದೆ. ಅಮ್ಮ ತಲೆ ಎತ್ತದೇ ಕೇಳಿದ್ರು: ‘ಅಲ್ಲ ಕಣೇ, ಆ ಇನ್ನೂರೈವತ್ತು ಬರೋಕೆ ಇಲ್ಲಿವರೆಗೆ ಎಷ್ಟು ಖರ್ಚು ಮಾಡ್ದೆ?’

ನಾನು ಉತ್ತರ ಹೇಳಲಿಲ್ಲ. ನನಗೆ ಗೊತ್ತಿತ್ತು. ಬೇಡದೇ ಇದ್ದ ಎರಡು ರೀಚಾರ್ಜ್, ಮೂರು ಸಲ ಹೊರಗಿಂದ ತರಿಸಿದ ಊಟ. ರಂಗೋಲಿ ಕೊನೆಗೂ ಬರಲಿಲ್ಲ.

ಇವತ್ತಿನ ಎಪಿಸೋಡ್ ಆ ಪ್ರಶ್ನೆ ಬಗ್ಗೆ. ಚಿಲ್ಲರೆ ದುಡ್ಡನ್ನ ಕೇಳ್ಕೊಂಡು ಒಬ್ಬರು ನಮ್ಮ ಮನೆ ಬಾಗಿಲಿಗೆ ಬರ್ತಿದ್ರು. ಈಗ ಚಿಲ್ಲರೆ ದುಡ್ಡು ಕೊಡ್ತೀನಿ ಅಂತ ಒಬ್ಬರು ನಮ್ಮ ಫೋನಿಗೆ ಬರ್ತಾರೆ. ಇವೆರಡರ ನಡುವೆ ಏನಾಯ್ತು?

ಎರಡು ಥರದ ಸ್ಟ್ಯಾಂಪ್

ಸ್ಟ್ಯಾಂಪ್ ಕೂಡಿಸೋ ಆಟ ಗೂಗಲ್ ಕಂಡುಹಿಡಿದಿದ್ದಲ್ಲ. ಅದಕ್ಕೆ ನೂರು ವರ್ಷಕ್ಕಿಂತ ಜಾಸ್ತಿ ವಯಸ್ಸು.

ಇಂಗ್ಲೆಂಡಲ್ಲಿ ಹೆನ್ರಿ ಫಾಸೆಟ್ ಅಂತ ಒಬ್ಬ ಅರ್ಥಶಾಸ್ತ್ರಜ್ಞ ಇದ್ದ. ಇಪ್ಪತ್ತೈದನೇ ವಯಸ್ಸಲ್ಲಿ ಬೇಟೆಯ ಗುಂಡು ತಾಗಿ ಎರಡೂ ಕಣ್ಣು ಹೋಯ್ತು. ಆದ್ರೂ ಪಾರ್ಲಿಮೆಂಟ್ ಸದಸ್ಯನಾದ, 1880ರಲ್ಲಿ ಅಲ್ಲಿನ ಅಂಚೆ ಇಲಾಖೆಯ ಮುಖ್ಯಸ್ಥನಾದ. ಅಲ್ಲಿನ ಅಂಚೆ ಉಳಿತಾಯ ಖಾತೆಯಲ್ಲಿ ಕಡಿಮೆ ಅಂದ್ರೆ ಒಂದು ಶಿಲ್ಲಿಂಗ್ ಕಟ್ಟಬೇಕಿತ್ತು. ಬಡವರ ಹತ್ತಿರ, ಮಕ್ಕಳ ಹತ್ತಿರ ಒಟ್ಟಿಗೆ ಒಂದು ಶಿಲ್ಲಿಂಗ್ ಎಲ್ಲಿಂದ ಬರಬೇಕು? ಫಾಸೆಟ್ ಒಂದು ಖಾಲಿ ಚೀಟಿ ಕೊಡಿಸಿದ. ಒಂದೊಂದು ಪೆನ್ನಿಯ ಅಂಚೆ ಸ್ಟ್ಯಾಂಪ್ ತಗೊಂಡು ಅದಕ್ಕೆ ಅಂಟಿಸಿ. ಹನ್ನೆರಡು ತುಂಬಿದ್ರೆ ಒಂದು ಶಿಲ್ಲಿಂಗ್, ಖಾತೆಗೆ ಜಮಾ. ಎರಡು ವರ್ಷದ ನಂತರ, 1882ರಲ್ಲಿ, ಇಂಡಿಯಾದಲ್ಲೂ ಅಂಚೆ ಉಳಿತಾಯ ಬ್ಯಾಂಕ್ ಶುರುವಾಯ್ತು.

ಈಗ ಅಮೆರಿಕಕ್ಕೆ ಬನ್ನಿ. 1896ರಲ್ಲಿ ಸ್ಪೆರಿ ಮತ್ತು ಹಚಿನ್ಸನ್ ಅನ್ನೋ ಇಬ್ಬರು ಸೇರಿ ‘ಗ್ರೀನ್ ಸ್ಟ್ಯಾಂಪ್ಸ್’ ಶುರು ಮಾಡಿದ್ರು. ಅಂಗಡಿಯಲ್ಲಿ ಸಾಮಾನು ತಗೊಂಡ್ರೆ, ಎಷ್ಟು ಖರ್ಚು ಮಾಡಿದ್ರೋ ಅದಕ್ಕೆ ತಕ್ಕ ಹಾಗೆ ಹಸಿರು ಸ್ಟ್ಯಾಂಪ್ ಕೊಡೋರು. ಪುಸ್ತಕಕ್ಕೆ ಅಂಟಿಸಿ, ಪುಸ್ತಕ ತುಂಬಿದ ಮೇಲೆ ಟೋಸ್ಟರ್, ದೀಪ, ಕಂಬಳಿ, ಹೀಗೆ ಏನಾದ್ರೂ ತಗೋಬಹುದು.

ನೋಡೋಕೆ ಎರಡೂ ಒಂದೇ. ಒಂದು ಕಾಗದ, ಸಣ್ಣ ಸ್ಟ್ಯಾಂಪ್, ತುಂಬಿಸೋ ಖುಷಿ. ಆದ್ರೆ ಫಾಸೆಟ್‌ನ ಸ್ಟ್ಯಾಂಪ್ ನೀವು ಖರ್ಚು ಮಾಡದೇ ಉಳಿಸಿದ್ದಕ್ಕೆ ಗುರುತು. ಹಸಿರು ಸ್ಟ್ಯಾಂಪ್ ನೀವು ಖರ್ಚು ಮಾಡಿದ್ದಕ್ಕೆ ಗುರುತು. ಮುಂದೆ ಹೇಳೋ ಎಲ್ಲಾ ಕಥೆಯಲ್ಲೂ ಈ ಎರಡರಲ್ಲಿ ಯಾವ ಸ್ಟ್ಯಾಂಪ್ ಅಂತ ಕೇಳ್ಕೊಳ್ತಾ ಇರಿ.

ದಿನಕ್ಕೆ ಎರಡಾಣೆ

ನಮ್ಮ ಕರ್ನಾಟಕದ ಸ್ಟ್ಯಾಂಪ್ ಯಾವುದು? ಪಿಗ್ಮಿ.

1925ರಲ್ಲಿ ಉಡುಪಿಯಲ್ಲಿ ಮೂರು ಜನ ಸೇರಿ ಒಂದು ಬ್ಯಾಂಕ್ ಶುರು ಮಾಡಿದ್ರು. ವ್ಯಾಪಾರಿ ಉಪೇಂದ್ರ ಅನಂತ ಪೈ, ಎಂಜಿನಿಯರ್ ವಾಮನ ಕುಡ್ವ, ಡಾಕ್ಟರ್ ಟಿ.ಎಂ.ಎ. ಪೈ. ಹೆಸರು ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್. ಬಂಡವಾಳ 8,000 ರೂಪಾಯಿ. ಕೈಮಗ್ಗದ ನೇಕಾರರು ಕಷ್ಟದಲ್ಲಿದ್ದ ಕಾಲ ಅದು, ಅವರಿಗೆ ಸಾಲ ಸಿಗೋ ಹಾಗೆ ಮಾಡೋದು ಉದ್ದೇಶ. ಇದೇ ಮುಂದೆ ಸಿಂಡಿಕೇಟ್ ಬ್ಯಾಂಕ್ ಆಯ್ತು. 2020ರ ಏಪ್ರಿಲ್ 1ಕ್ಕೆ ಕೆನರಾ ಬ್ಯಾಂಕ್ ಜೊತೆ ವಿಲೀನ ಆಯ್ತು.

1928ರಲ್ಲಿ ಈ ಬ್ಯಾಂಕ್ ಪಿಗ್ಮಿ ಠೇವಣಿ ತಂತು. ಪಿಗ್ಮಿ ಅಂದ್ರೆ ಪುಟ್ಟದು. ದಿನಕ್ಕೆ ಎರಡಾಣೆ ಕೊಟ್ರೂ ಸಾಕು. ನೀವು ಬ್ಯಾಂಕಿಗೆ ಹೋಗಬೇಕಿಲ್ಲ, ಬ್ಯಾಂಕಿನ ಏಜೆಂಟೇ ನಿಮ್ಮ ಮನೆಗೆ, ಅಂಗಡಿಗೆ ಬರ್ತಾನೆ. ಎರಡಾಣೆ ಅಂದ್ರೆ ರೂಪಾಯಿಯಲ್ಲಿ ಎಂಟನೇ ಒಂದು ಭಾಗ. ಒಂದು ದಿನವೂ ತಪ್ಪಿಸದೇ ಕಟ್ಟಿದ್ರೆ ತಿಂಗಳಿಗೆ ಮೂರು ರೂಪಾಯಿ ಹನ್ನೆರಡಾಣೆ, ವರ್ಷಕ್ಕೆ ನಲವತ್ತೈದು ರೂಪಾಯಿ ಹತ್ತಾಣೆ. ಬೀಡಿ ಕಟ್ಟೋರು, ಮೀನು ಮಾರೋರು, ಹೋಟೆಲ್ ಕೆಲಸದೋರು, ಇವರ್‍ಯಾರೂ ಬ್ಯಾಂಕಿನ ಕೌಂಟರ್ ಮುಂದೆ ನಿಂತು ಎರಡಾಣೆ ಕಟ್ತೀನಿ ಅಂತ ಕೇಳೋಕೆ ಆಗ್ತಿರಲಿಲ್ಲ. ಕೇಳೋಕೆ ಸಂಕೋಚ, ಹೋಗೋಕೆ ಟೈಮಿಲ್ಲ, ಹೋದ್ರೆ ಅವತ್ತಿನ ಕೂಲಿ ಹೋಯ್ತು.

ಉಡುಪಿಯಲ್ಲಿ ಶುರುವಾದ ಆ ಮಾದರಿ ನಮ್ಮ ಏರಿಯಾಗೂ ಬಂತು. ಬೇರೆ ಬ್ಯಾಂಕ್‌ಗಳು, ಸಹಕಾರ ಸಂಘಗಳು ಎಲ್ಲಾ ಪಿಗ್ಮಿ ಕಲಿತವು. ಉತ್ತರ ಬೆಂಗಳೂರಿಗೆ ಅದು ಹೇಳಿ ಮಾಡಿಸಿದ ಹಾಗಿತ್ತು. ಇಲ್ಲಿ ಎರಡು ಥರದ ಜನ. ಒಂದು ಕಡೆ ಜಾಲಹಳ್ಳಿಯ ಎಚ್‌ಎಂಟಿ, ಬಿಇಎಲ್, ಯಲಹಂಕದ ರೈಲು ಗಾಲಿ ಕಾರ್ಖಾನೆ. ತಿಂಗಳ ಸಂಬಳದೋರು, ಅವರಿಗೆ ಪಿಎಫ್ ಇತ್ತು, ಸೊಸೈಟಿ ಇತ್ತು. ಇನ್ನೊಂದು ಕಡೆ ಯಶವಂತಪುರ ಎಪಿಎಂಸಿ ಯಾರ್ಡಿನ ಈರುಳ್ಳಿ ಮೂಟೆ ಹೊರೋರು, ತಳ್ಳುಗಾಡಿಯೋರು, ಆಟೋದೋರು, ಮನೆಯಲ್ಲೇ ಹೊಲಿಗೆ ಹಾಕೋರು. ಇವರ ದುಡ್ಡು ಬರೋದು ದಿನದ ಲೆಕ್ಕದಲ್ಲಿ, ಹೋಗೋದೂ ದಿನದ ಲೆಕ್ಕದಲ್ಲಿ.

ಅಮ್ಮ ಎರಡನೇ ಗುಂಪು. ಬ್ಲೌಸ್ ಹೊಲಿಯೋರು, ಸೀರೆಗೆ ಫಾಲ್ ಹಾಕೋರು. ಅಮ್ಮನ ದುಡ್ಡಿಗೆ ಮೂರು ಜಾಗ ಇತ್ತು. ಒಂದು, ಅಡುಗೆಮನೆಯ ಸಾಸಿವೆ ಡಬ್ಬ. ಎರಡು, ಬೀದಿಯ ಹೆಂಗಸರೆಲ್ಲ ಸೇರಿ ಹಾಕ್ತಿದ್ದ ಚೀಟಿ. ಮೂರು, ಪಿಗ್ಮಿ.

ಪಿಗ್ಮಿ ಅಂಕಲ್ ಸಂಜೆ ಆರರ ಹೊತ್ತಿಗೆ ಬರೋರು. ಟಿವಿಎಸ್ ಗಾಡಿ, ಹೆಗಲಿಗೆ ರೆಕ್ಸಿನ್ ಬ್ಯಾಗ್. ಮೊದಲು ಕಾರ್ಡಲ್ಲಿ ಬರೆದು ಸೈನ್ ಹಾಕೋರು, ಆಮೇಲೆ ಕೈಯಲ್ಲಿ ಹಿಡ್ಕೊಳ್ಳೋ ಪುಟ್ಟ ಮಷೀನ್ ಬಂತು, ಚರ್ ಅಂತ ಒಂದು ಚೀಟಿ ಬರೋದು. ಅಮ್ಮ ದಿನಕ್ಕೆ 20 ರೂಪಾಯಿ ಕಟ್ಟೋರು. ಕೆಲವು ದಿನ ‘ಅಣ್ಣಾ, ಇವತ್ತು ಆಗಲ್ಲ, ನಾಳೆ ಬನ್ನಿ’ ಅನ್ನೋರು. ಅವರು ‘ಹತ್ತಾದ್ರೂ ಹಾಕಮ್ಮ, ಬಿಡಬೇಡ’ ಅನ್ನೋರು. ಅಮ್ಮ ಬೈಕೊಂಡೇ ಒಳಗೆ ಹೋಗಿ ಡಬ್ಬದಿಂದ ಹತ್ತು ತರೋರು.

ತಿಂಗಳಿಗೆ 26 ದಿನ ಅಂತ ಹಿಡಿದ್ರೆ 520 ರೂಪಾಯಿ. ಎರಡು ವರ್ಷಕ್ಕೆ 12,480. ನನ್ನ ಪಿಯುಸಿ ಫೀಸು ಆ ದುಡ್ಡಲ್ಲೇ ಕಟ್ಟಿದ್ದು. ಬಡ್ಡಿ ಎಷ್ಟು ಬಂತು ಅಂತ ಅಮ್ಮನಿಗೆ ಇವತ್ತಿಗೂ ನೆನಪಿಲ್ಲ, ಯಾಕಂದ್ರೆ ನೆನಪಿಡೋ ಅಷ್ಟು ಬರಲೇ ಇಲ್ಲ. ಪಿಗ್ಮಿಯಲ್ಲಿ ಬಡ್ಡಿ ಯಾವಾಗಲೂ ಕಡಿಮೆ. ಮನೆ ಮನೆಗೆ ಬರೋ ಏಜೆಂಟ್‌ಗೆ ಕಮಿಷನ್ ಕೊಡಬೇಕಲ್ಲ. ಅಂದ್ರೆ ಅಮ್ಮ ಬಡ್ಡಿಗಾಗಿ ಪಿಗ್ಮಿ ಕಟ್ಟಲಿಲ್ಲ. ದಿನಾ ಸಂಜೆ ಒಬ್ಬರು ಬಂದು ‘ಇವತ್ತಿನದು ಕೊಡಮ್ಮ’ ಅಂತ ಕೇಳ್ತಾರೆ ಅನ್ನೋದಕ್ಕೆ ಕಟ್ಟಿದ್ರು.

ಇಲ್ಲಿ ಆ ಅಂಕಲ್ ಬಗ್ಗೆನೂ ಒಂದು ಮಾತು ಹೇಳಬೇಕು. ಬೇರೆಯವರ ಉಳಿತಾಯ ಕೂಡಿಸಿದ ಈ ಜನಕ್ಕೆ ಸ್ವಂತ ಸಂಬಳ ಅಂತ ಇರಲಿಲ್ಲ, ಕಮಿಷನ್ ಅಷ್ಟೇ. ಅವರು ಕಾರ್ಮಿಕರಾ, ಬರೀ ಏಜೆಂಟರಾ ಅನ್ನೋ ಜಗಳ ವರ್ಷಗಟ್ಟಲೆ ನಡೆದು ಸುಪ್ರೀಂ ಕೋರ್ಟಿಗೆ ಹೋಯ್ತು. 2001ರ ಫೆಬ್ರವರಿಯಲ್ಲಿ ಕೋರ್ಟ್, ಠೇವಣಿ ಸಂಗ್ರಹಿಸೋರು ಕಾನೂನಿನ ಪ್ರಕಾರ ಕಾರ್ಮಿಕರೇ ಅಂತ ಹೇಳಿತು. ಆದ್ರೆ ಬ್ಯಾಂಕಿನ ಕಾಯಂ ನೌಕರರ ಸ್ಥಾನ ಸಿಗಲಿಲ್ಲ. ಪಿಗ್ಮಿ ಎಲ್ಲಾ ಕಡೆ ಚಿನ್ನದಂಥ ವ್ಯವಸ್ಥೆ ಆಗಿತ್ತು ಅಂತಲೂ ಹೇಳಲ್ಲ. ದುಡ್ಡು ತಗೊಂಡು ಓಡಿಹೋದ ಏಜೆಂಟರು, ಮುಳುಗಿದ ಸೊಸೈಟಿಗಳ ಕಥೆ ಪ್ರತಿ ಏರಿಯಾದಲ್ಲೂ ಒಂದಾದ್ರೂ ಇರುತ್ತೆ.

ಬಿಸ್ಕೆಟ್ ಕವರ್ ಮತ್ತು ಕಾನೂನು

ಹಾಗಾದ್ರೆ ಖರ್ಚಿನ ಸ್ಟ್ಯಾಂಪ್ ನಮ್ಮಲ್ಲಿ ಯಾವಾಗ ಬಂತು? ಫೋನಿಗಿಂತ ಮುಂಚೆನೇ.

1999ರ ವಿಶ್ವಕಪ್ ಇಂಗ್ಲೆಂಡಲ್ಲಿ ನಡೀತು. ಬ್ರಿಟಾನಿಯಾ ಬಿಸ್ಕೆಟ್ ಕವರ್ ಮೇಲೆ ರನ್ ಪ್ರಿಂಟ್ ಮಾಡಿತ್ತು. ನೂರು ರನ್ ಕೂಡಿಸಿ ಕೊಟ್ರೆ ಒಂದು ಸ್ಕ್ರ್ಯಾಚ್ ಪುಸ್ತಕ, ಅದೃಷ್ಟ ಇದ್ರೆ ಇಂಗ್ಲೆಂಡ್ ಟ್ರಿಪ್. ಆಗ ನಾನಿನ್ನೂ ಚಿಕ್ಕೋಳು. ನಮ್ಮ ಬೀದಿಯ ದೊಡ್ಡ ಹುಡುಗರು ಬೇಕರಿ ಮುಂದೆ ಬಿದ್ದಿದ್ದ ಕವರ್ ಆರಿಸ್ಕೊಂಡು ಬರ್ತಿದ್ದದ್ದು ಮಾತ್ರ ನೆನಪಿದೆ. ಅವರಲ್ಲಿ ಯಾರೂ ಇಂಗ್ಲೆಂಡಿಗೆ ಹೋಗಲಿಲ್ಲ. ಬಿಸ್ಕೆಟ್ ಮಾತ್ರ ಚೆನ್ನಾಗಿ ಹೋಯ್ತು.

ಬಹುಮಾನದ ಆಸೆ ತೋರಿಸಿ ದುಡ್ಡು ಕೂಡಿಸೋದನ್ನ ಸರ್ಕಾರಗಳು ಯಾವಾಗಲೂ ಸ್ವಲ್ಪ ಅನುಮಾನದಿಂದಲೇ ನೋಡಿವೆ. ಸಾವಿರಾರು ಜನರಿಂದ ಕಂತು ಕಟ್ಟಿಸ್ಕೊಂಡು, ಲಾಟರಿ ಎತ್ತಿ, ಕೆಲವರಿಗೆ ಮಾತ್ರ ಬಹುಮಾನ ಕೊಡ್ತಿದ್ದ ‘ಪ್ರೈಜ್ ಚಿಟ್’ಗಳನ್ನ 1978ರ ಕೇಂದ್ರ ಕಾನೂನು ನಿಷೇಧಿಸಿತು. ನಮ್ಮ ಬೀದಿಯ ಮಾಮೂಲಿ ಚೀಟಿ ಬೇರೆ. ಅದರಲ್ಲಿ ಸರದಿ ಪ್ರಕಾರ ಎಲ್ಲರಿಗೂ ದುಡ್ಡು ಬರುತ್ತೆ. ಚಿಟ್ ಕಂಪನಿಗಳಿಗೆ 1982ರಲ್ಲಿ ಪ್ರತ್ಯೇಕ ಕಾಯ್ದೆ ಬಂತು. ಪಕ್ಕದ ತಮಿಳುನಾಡು 1979ರಲ್ಲೇ ಬಹುಮಾನ ಯೋಜನೆಗಳ ಮೇಲೆ ಸ್ವಂತ ಕಾನೂನು ತಂತು. ಅದರ ಪರಿಣಾಮ ನಲವತ್ತು ವರ್ಷ ಆದ್ಮೇಲೆ ನಾವೆಲ್ಲ ನೋಡಿದ್ವಿ. ಗೂಗಲ್ ಪೇ ಸ್ಕ್ರ್ಯಾಚ್ ಕಾರ್ಡ್ ಆಫರ್‌ಗಳು ತಮಿಳುನಾಡಿನೋರಿಗೆ ಇರಲಿಲ್ಲ. ಅತ್ತಿಬೆಲೆಯ ಈಚೆ ಇರೋರಿಗೆ ಕಾರ್ಡ್, ಆಚೆ ಹೊಸೂರಲ್ಲಿ ಇರೋರಿಗೆ ಇಲ್ಲ. ಕರ್ನಾಟಕದಲ್ಲಿ ಲಾಟರಿ ನಿಂತಿದ್ದು 2007ರಲ್ಲಿ, ಕುಮಾರಸ್ವಾಮಿ ಮುಖ್ಯಮಂತ್ರಿ ಆಗಿದ್ದಾಗ.

2016

ಈಗ ಈ ಕಥೆಯ ಮುಖ್ಯ ವರ್ಷಕ್ಕೆ ಬರೋಣ. ನನ್ನ ಪ್ರಕಾರ ನಮ್ಮ ಏರಿಯಾದ ಸಣ್ಣ ಉಳಿತಾಯ ತಲೆಕೆಳಗಾಗಿದ್ದು ಒಂದೇ ವರ್ಷದಲ್ಲಿ. 2016. ದಿನಾಂಕಗಳನ್ನ ಒಂದರ ಪಕ್ಕ ಒಂದು ಇಟ್ಟು ನೋಡಿ.

ಜನವರಿ. ಎಚ್‌ಎಂಟಿ ವಾಚಸ್ ಮುಚ್ಚೋಕೆ ಕೇಂದ್ರ ಸಂಪುಟ ಒಪ್ಪಿಗೆ ಕೊಡ್ತು. ತಿಂಗಳ ಸಂಬಳ, ಪಿಎಫ್, ಸೊಸೈಟಿ ಅನ್ನೋ ಹಳೇ ಜಾಲಹಳ್ಳಿಯ ಒಂದು ಅಧ್ಯಾಯ ಅಲ್ಲಿಗೆ ಮುಗೀತು.

ಏಪ್ರಿಲ್ 11. ಮುಂಬೈಯಲ್ಲಿ ರಿಸರ್ವ್ ಬ್ಯಾಂಕ್ ಗವರ್ನರ್ ರಘುರಾಮ್ ರಾಜನ್ ಯುಪಿಐಗೆ ಚಾಲನೆ ಕೊಟ್ರು. ನಮ್ಮಲ್ಲಿ ಯಾರೂ ಗಮನಿಸಲಿಲ್ಲ.

ಏಪ್ರಿಲ್ 18 ಮತ್ತು 19. ಇದನ್ನ ಮಾತ್ರ ಎಲ್ಲರೂ ಗಮನಿಸಿದ್ರು. ಪಿಎಫ್ ನಿಯಮ ಬದಲಾಗಿತ್ತು. ಕೆಲಸ ಬಿಟ್ರೂ ಕಂಪನಿ ಕಟ್ಟಿದ ಪಾಲನ್ನ 58 ವರ್ಷ ಆಗೋವರೆಗೂ ತೆಗೆಯೋಹಾಗಿಲ್ಲ ಅಂತ. ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ರಸ್ತೆಗೆ ಇಳಿದ್ರು. ಮೊದಲ ದಿನ ಹೊಸೂರು ರಸ್ತೆ, ಎರಡನೇ ದಿನ ನಮ್ಮ ಕಡೆ ಪೀಣ್ಯ, ಜಾಲಹಳ್ಳಿ ಕ್ರಾಸ್, ತುಮಕೂರು ರಸ್ತೆ. ನಮ್ಮ ಪಕ್ಕದ ಮನೆ ಆಂಟಿ ಪೀಣ್ಯದ ಒಂದು ಗಾರ್ಮೆಂಟ್ಸ್‌ನಲ್ಲಿ ಕೆಲಸಕ್ಕೆ ಹೋಗ್ತಿದ್ರು. ರಾತ್ರಿ ಕಾಲು ಊದಿಸ್ಕೊಂಡು ಮನೆಗೆ ಬಂದು ಅಮ್ಮನಿಗೆ ಹೇಳಿದ್ರು: ‘ಅದು ಒಂದೇ ಅಕ್ಕಾ ನಾವು ಮುಟ್ಟದೇ ಇಟ್ಟಿರೋ ದುಡ್ಡು. ಮಗಳ ಮದುವೆಗೆ ಬೇಕು ಅಂದ್ರೆ 58 ಆಗಲಿ ಅಂತಾರಲ್ಲ.’ ಎರಡನೇ ದಿನ ಸಂಜೆ ಹೊತ್ತಿಗೆ ಕೇಂದ್ರ ಸರ್ಕಾರ ಆ ನಿಯಮವನ್ನ ವಾಪಸ್ ತಗೊಳ್ತು. ಎರಡೇ ದಿನ. ಸಣ್ಣ ಉಳಿತಾಯ ಅಂದ್ರೆ ಏನು ಅಂತ ದಿಲ್ಲಿಗೆ ಹೇಳಿಕೊಟ್ಟಿದ್ದು ಈ ಹೆಂಗಸರು.

ನವೆಂಬರ್ 8, ರಾತ್ರಿ ಎಂಟು ಗಂಟೆ. 500, 1000 ರೂಪಾಯಿ ನೋಟು ರದ್ದು. ಅವತ್ತು ರಾತ್ರಿ ನಮ್ಮ ಬೀದಿಯ ಎಷ್ಟೋ ಮನೆಗಳಲ್ಲಿ ಸಾಸಿವೆ ಡಬ್ಬ, ಅಕ್ಕಿ ಡಬ್ಬ, ಬೀರುವಿನ ಸೀರೆ ಮಡಿಕೆ ಎಲ್ಲಾ ಈಚೆ ಬಂತು. ಅಮ್ಮ ಊಟ ಆದ್ಮೇಲೆ ಡಬ್ಬ ತಂದು ಅಪ್ಪನ ಮುಂದೆ ಇಟ್ರು. 11,500 ಇತ್ತು. ಅಪ್ಪ ಬೈಯಲಿಲ್ಲ, ನಕ್ಕರು. ಆದ್ರೆ ಅಮ್ಮನ ಮುಖ ನನಗೆ ಇವತ್ತಿಗೂ ನೆನಪಿದೆ. ಗೃಹಿಣಿಯರು ಎರಡೂವರೆ ಲಕ್ಷದವರೆಗೆ ಕಟ್ಟಿದ್ರೆ ಯಾರೂ ಏನೂ ಕೇಳಲ್ಲ ಅಂತ ಸರ್ಕಾರ ಹೇಳಿತ್ತು. ಆದ್ರೆ ಪ್ರಶ್ನೆ ತೆರಿಗೆದಲ್ಲ. ಯಾರಿಗೂ ಗೊತ್ತಿಲ್ಲದೇ ಇರೋದೇ ಆ ದುಡ್ಡಿನ ಬಲ. ಅದು ಒಂದೇ ರಾತ್ರಿಗೆ ಹೋಯ್ತು.

ಡಿಸೆಂಬರ್ 25. ಡಿಜಿಟಲ್ ಪೇಮೆಂಟ್ ಮಾಡಿದೋರಿಗೆ ಬಹುಮಾನ ಕೊಡೋ ‘ಲಕ್ಕಿ ಗ್ರಾಹಕ್ ಯೋಜನೆ’ಯನ್ನ ಸರ್ಕಾರವೇ ಶುರು ಮಾಡ್ತು. ದಿನಕ್ಕೆ 15,000 ಜನಕ್ಕೆ ತಲಾ 1,000 ರೂಪಾಯಿ, ನೂರು ದಿನ.

ಡಿಸೆಂಬರ್ 30. ಹಳೇ ನೋಟು ಬ್ಯಾಂಕಿಗೆ ಕಟ್ಟೋಕೆ ಕೊನೇ ದಿನ. ಅದೇ ದಿನ ಭೀಮ್ ಆ್ಯಪ್ ಬಿಡುಗಡೆ.

ಡಬ್ಬ ಖಾಲಿ ಮಾಡೋ ಕೊನೇ ದಿನ, ಆ್ಯಪ್‌ನ ಮೊದಲ ದಿನ, ಎರಡೂ ಒಂದೇ. 2017ರ ಏಪ್ರಿಲ್ 14ಕ್ಕೆ ಭೀಮ್ ಆ್ಯಪ್‌ಗೆ ಹೊಸಬರನ್ನ ಸೇರಿಸಿದ್ರೆ ಇಬ್ಬರಿಗೂ ದುಡ್ಡು ಅನ್ನೋ ಯೋಜನೆ ಬಂತು. ಸೆಪ್ಟೆಂಬರ್ 18ಕ್ಕೆ ಗೂಗಲ್‌ನ ‘ತೇಜ್’ ಬಂತು, ಮುಂದಿನ ವರ್ಷ ಅದೇ ಗೂಗಲ್ ಪೇ ಆಯ್ತು. ಅಷ್ಟೊತ್ತಿಗೆ ನಮ್ಮ ಬೆಂಗಳೂರಲ್ಲೇ ಹುಟ್ಟಿದ ಫೋನ್‌ಪೇನೂ ಅಂಗಡಿ ಅಂಗಡಿಗೆ ಸ್ಟಿಕ್ಕರ್ ಅಂಟಿಸಿತ್ತು. ಎಪಿಎಂಸಿ ಯಾರ್ಡಿನ ಟೀ ಅಂಗಡಿಯೋರಿಂದ ಹಿಡಿದು ಹೂವಿನ ಅಜ್ಜಿವರೆಗೆ ಎಲ್ಲರ ಹತ್ತಿರ ಕ್ಯೂಆರ್ ಬಂತು.

ಪಿಗ್ಮಿ ಅಂಕಲ್ ಬರೋದು ಯಾವಾಗ ನಿಂತಿತು ಅಂತ ಕೇಳಿದ್ರೆ ಅಮ್ಮನಿಗೆ ಸರಿಯಾಗಿ ಗೊತ್ತಿಲ್ಲ. ‘ಆ ಗಲಾಟೆಯಲ್ಲಿ ಕೊಡೋಕೆ ಚಿಲ್ಲರೆ ಇರಲಿಲ್ಲ. ನಾಳೆ ಬನ್ನಿ, ನಾಳೆ ಬನ್ನಿ ಅಂತ ಹೇಳಿ ಹೇಳಿ ಹಾಗೇ ನಿಂತೋಯ್ತು’ ಅಂತಾರೆ.

ಪಾರಿವಾಳದ ಪಾಠ

ಸ್ಕ್ರ್ಯಾಚ್ ಕಾರ್ಡ್ ನಮ್ಮನ್ನ ಹಿಡಿದಿದ್ದು ಹೇಗೆ? ಇದಕ್ಕೆ ಅಮೆರಿಕದ ಮನಶ್ಶಾಸ್ತ್ರಜ್ಞ ಬಿ.ಎಫ್. ಸ್ಕಿನ್ನರ್ ಹತ್ರ ಹೋಗಬೇಕು. ಪಾರಿವಾಳಗಳು ಒಂದು ಗುಂಡಿಯನ್ನ ಕೊಕ್ಕಿನಿಂದ ಕುಟ್ಟಿದ್ರೆ ಕಾಳು ಬೀಳೋ ಹಾಗೆ ಅವನು ಏರ್ಪಾಡು ಮಾಡಿದ್ದ. ಇಷ್ಟು ಸಲ ಕುಟ್ಟಿದ್ರೆ ಒಂದು ಕಾಳು ಅಂತ ಲೆಕ್ಕ ಗೊತ್ತಾದ್ರೆ, ಹಕ್ಕಿ ಕಾಳು ತಿಂದು ಸ್ವಲ್ಪ ಸುಮ್ಮನಿರುತ್ತೆ. ಯಾವ ಸಲ ಬೀಳುತ್ತೆ ಅಂತ ಗೊತ್ತಾಗದೇ ಇದ್ರೆ ಬಿಡದೇ ಕುಟ್ತಾನೇ ಇರುತ್ತೆ. ಚಾರ್ಲ್ಸ್ ಫರ್ಸ್ಟರ್ ಜೊತೆ ಸೇರಿ 1957ರಲ್ಲಿ ಇದರ ಮೇಲೆ ದೊಡ್ಡ ಪುಸ್ತಕವನ್ನೇ ಬರೆದ.

ಪಿಗ್ಮಿಯಲ್ಲಿ ಎಲ್ಲಾ ಮೊದಲೇ ಗೊತ್ತು. ಇಷ್ಟು ಕಟ್ಟಿದ್ರೆ ಇಷ್ಟು ಬರುತ್ತೆ. ಅದರಲ್ಲಿ ಥ್ರಿಲ್ ಇಲ್ಲ. ಸ್ಕ್ರ್ಯಾಚ್ ಕಾರ್ಡಲ್ಲಿ ಒಂದು ಸಲ 4 ರೂಪಾಯಿ, ಒಂದು ಸಲ 21, ಆಮೇಲೆ ಸತತ ಹತ್ತು ಸಲ ‘ಬೆಟರ್ ಲಕ್ ನೆಕ್ಸ್ಟ್ ಟೈಮ್’. ನಾವು ಕುಟ್ತಾನೇ ಇರ್ತೀವಿ.

ಈ ದುಡ್ಡು ಕೊಡ್ತಿದ್ದದ್ದು ಯಾರು? ಶುರುವಲ್ಲಿ ಕಂಪನಿಗಳು ಗ್ರಾಹಕರನ್ನ ಸೇರಿಸ್ಕೊಳ್ಳೋಕೆ ಅಂತ ಸ್ವಂತ ಜೇಬಿಂದ ಚೆಲ್ಲಿದ್ವು. 2020ರ ಜನವರಿ 1ರಿಂದ ಯುಪಿಐ ಪೇಮೆಂಟ್ ಮೇಲೆ ಅಂಗಡಿಯವರಿಂದ ಶುಲ್ಕ ತಗೊಳ್ಳೋಹಾಗಿಲ್ಲ ಅಂತಾಯ್ತು. ಹಾಗಾಗಿ ಆದಾಯಕ್ಕೆ ಬೇರೆ ದಾರಿ ಬೇಕು: ಸಾಲ, ವಿಮೆ, ಚಿನ್ನ, ಜಾಹೀರಾತು. ಜನ ಸೇರಿದ ಮೇಲೆ ನಿಜವಾದ ರೂಪಾಯಿ ಕಮ್ಮಿಯಾಗ್ತಾ ಬಂತು, ಅದರ ಜಾಗಕ್ಕೆ ಯಾವುದೋ ಶಾಂಪೂ ಮೇಲೆ ಡಿಸ್ಕೌಂಟ್ ಕೂಪನ್ ಬಂತು. ಈಗ ಕೆಲವು ಆ್ಯಪ್‌ಗಳು ಮೊಬೈಲ್ ರೀಚಾರ್ಜ್‌ಗೆ ನಮ್ಮಿಂದಲೇ ಒಂದೆರಡು ರೂಪಾಯಿ ಫೀ ತಗೊಳ್ತವೆ. ನನಗೆ ಎಂಟು ವರ್ಷದಲ್ಲಿ ಬಂದ 1,134ರಲ್ಲಿ ಹೆಚ್ಚಿನದು ಮೊದಲ ಮೂರು ವರ್ಷದ್ದೇ.

ಯುಪಿಐ ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ. ಅಮ್ಮ ಈಗ ಬ್ಲೌಸ್ ದುಡ್ಡನ್ನ ಕ್ಯೂಆರ್‌ನಲ್ಲೇ ತಗೊಳ್ತಾರೆ. ‘ನಾಳೆ ಕೊಡ್ತೀನಿ’ ಅಂತ ಮುಂದೂಡೋರು ಕಮ್ಮಿಯಾಗಿದ್ದಾರೆ. ನಾನು ಹೇಳ್ತಿರೋದು ಇಷ್ಟೇ: ದುಡ್ಡು ಕಳಿಸೋ ದಾರಿ ಫ್ರೀ ಆಯ್ತು, ಸಲೀಸಾಯ್ತು. ಉಳಿಸೋಕೆ ನೆನಪಿಸ್ತಿದ್ದ ಮನುಷ್ಯ ಮಾತ್ರ ಕಾಣೆಯಾದ.

ಯಲಹಂಕದ ಫೋನ್

ಬಾಗಿಲಿಗೆ ದಿನಾ ಬರೋರ ಮೇಲೆ ನಂಬಿಕೆ ಬೆಳೆಯುತ್ತೆ. ಪಿಗ್ಮಿ ನಿಂತಿದ್ದು ಆ ನಂಬಿಕೆ ಮೇಲೆ. ಈಗ ಅದೇ ನಂಬಿಕೆಯನ್ನ ಕಳ್ಳರು ಬಳಸ್ಕೊಳ್ತಿದ್ದಾರೆ.

ಯಲಹಂಕದಲ್ಲಿ ನಮ್ಮ ಚಿಕ್ಕಮ್ಮ ಇದ್ದಾರೆ. ಅವರ ಮಗಳು ಬಿ.ಕಾಂ. ಓದ್ತಿದ್ದಾಗ ಅವಳಿಗೊಂದು ಮೆಸೇಜ್ ಬಂತು. ಮನೆಯಲ್ಲೇ ಕೂತು ದುಡಿಯಿರಿ, ವಿಡಿಯೋಗೆ ಲೈಕ್ ಕೊಡಿ, ಹೋಟೆಲ್‌ಗೆ ಐದು ಸ್ಟಾರ್ ಕೊಡಿ, ಒಂದಕ್ಕೆ 50 ರೂಪಾಯಿ. ಮೊದಲ ದಿನ ನಿಜವಾಗ್ಲೂ 150 ಬಂತು. ಎರಡನೇ ದಿನ 200. ಮೂರನೇ ದಿನ ಟೆಲಿಗ್ರಾಂ ಗ್ರೂಪಿಗೆ ಸೇರಿಸಿದ್ರು. ಅಲ್ಲಿ ‘ಪ್ರೀಪೇಯ್ಡ್ ಟಾಸ್ಕ್’. 1,000 ಹಾಕಿ, 1,300 ತಗೊಳ್ಳಿ. ಬಂತು. ಆಮೇಲೆ 5,000. ಆಮೇಲೆ 16,000. ಸ್ಕ್ರೀನ್ ಮೇಲೆ ಅವಳ ಹೆಸರಲ್ಲಿ 31,000 ಕಾಣಿಸ್ತಿತ್ತು, ತೆಗೆಯೋಕೆ ಹೋದ್ರೆ ‘ಮೊದಲು ಟ್ಯಾಕ್ಸ್ ಕಟ್ಟಿ’ ಅಂದ್ರು. ಅಷ್ಟೊತ್ತಿಗೆ ಚಿಕ್ಕಮ್ಮ ಎತ್ತಿದ್ದ ಚೀಟಿ ದುಡ್ಡಲ್ಲಿ 21,000 ಹೋಗಿತ್ತು.

ಅವಳು ಮೂರು ದಿನ ಯಾರಿಗೂ ಹೇಳಲಿಲ್ಲ. ನಾಚಿಕೆ. ನಾಲ್ಕನೇ ದಿನ ನನಗೆ ಫೋನ್ ಮಾಡಿ ಅತ್ತಳು. ಆಗಲೇ 1930ಕ್ಕೆ ಫೋನ್ ಮಾಡಿದ್ವಿ, ಕಂಪ್ಲೇಂಟ್ ಆಯ್ತು, ಆದ್ರೆ ದುಡ್ಡು ಆ ಖಾತೆಯಿಂದ ಎಲ್ಲೆಲ್ಲಿಗೋ ಹೋಗಿಬಿಟ್ಟಿತ್ತು. ವಾಪಸ್ ಬರಲಿಲ್ಲ. ದಯವಿಟ್ಟು ಇದೊಂದನ್ನ ನೆನಪಿಡಿ: ಇಂಥದ್ದು ಆದ ಕೂಡಲೇ, ಅಂದ್ರೆ ಮೊದಲ ಒಂದೆರಡು ಗಂಟೆಯೊಳಗೆ 1930ಕ್ಕೆ ಫೋನ್ ಮಾಡಿ. ಬೇಗ ಹೇಳಿದ್ರೆ ಆ ದುಡ್ಡನ್ನ ಮುಂದಿನ ಖಾತೆಯಲ್ಲೇ ತಡೆಹಿಡಿಯೋ ಅವಕಾಶ ಇರುತ್ತೆ. ನಾಚಿಕೆ ಆಮೇಲೆ ಪಡೋಣ.

ಚಿಕ್ಕಮ್ಮ ಮಗಳಿಗೆ ಬೈಯಲಿಲ್ಲ. ಒಂದೇ ಮಾತು ಕೇಳಿದ್ರು: ‘ಮೊದಲು ಅವರೇ ದುಡ್ಡು ಕೊಟ್ರಲ್ಲಮ್ಮ, ಆಗಲೇ ನಿನಗೆ ಅನುಮಾನ ಬರಲಿಲ್ವಾ?’ ಅವಳಿಗೆ ಯಾಕೆ ಅನುಮಾನ ಬರಬೇಕು? ಅವಳ ವಯಸ್ಸಿನೋರು ಫೋನು ಕೈಗೆ ಬಂದಾಗಿಂದ ನೋಡಿರೋದೇ ಹೀಗೆ. ಫೋನ್ ಮೊದಲು ಸ್ವಲ್ಪ ಕೊಡುತ್ತೆ.

ಹಾಗಾದ್ರೆ ಈಗ?

‘ದಿನಕ್ಕೆ 10 ರೂಪಾಯಿ ಉಳಿಸಿ’ ಅನ್ನೋ ಮಾತು ಈಗ ಆ್ಯಪ್‌ಗಳಿಗೂ ವಾಪಸ್ ಬಂದಿದೆ, ಹೆಚ್ಚಾಗಿ ಡಿಜಿಟಲ್ ಚಿನ್ನದ ರೂಪದಲ್ಲಿ. ನೋಡಿದ ಕೂಡಲೇ ನನಗೂ ಪಿಗ್ಮಿ ನೆನಪಾಯ್ತು. ಆದ್ರೆ ಎರಡು ವಿಷಯ ತಿಳ್ಕೊಂಡಿರಿ. ಅದನ್ನ ತಗೊಳ್ಳುವಾಗಲೇ 3 ಪರ್ಸೆಂಟ್ ಜಿಎಸ್‌ಟಿ ಹೋಗುತ್ತೆ. ಅದು ತನ್ನ ನಿಯಂತ್ರಣದಲ್ಲಿಲ್ಲ ಅಂತ ಸೆಬಿಯೇ 2025ರ ನವೆಂಬರ್‌ನಲ್ಲಿ ಎಚ್ಚರಿಕೆ ಕೊಟ್ಟಿದೆ. ಪಿಗ್ಮಿ ಈಗಲೂ ಇದೆ. ಬ್ಯಾಂಕಿನದಾದ್ರೆ 5 ಲಕ್ಷದವರೆಗೆ ಠೇವಣಿ ವಿಮೆ ಇರುತ್ತೆ, ಸಹಕಾರ ಸಂಘದ್ದಾದ್ರೆ ಆ ವಿಮೆ ಇರಲ್ಲ. ಕಟ್ಟೋ ಮುಂಚೆ ಬ್ಯಾಂಕಾ, ಸೊಸೈಟಿಯಾ ಅಂತ ಕೇಳಿ. ಪೋಸ್ಟ್ ಆಫೀಸ್ ಆರ್‌ಡಿ ತಿಂಗಳಿಗೆ 100 ರೂಪಾಯಿಂದ ಶುರು.

ನಾನು ಮಾಡಿದ್ದು ಹೇಳ್ತೀನಿ. ಕಳೆದ ತಿಂಗಳು ಯಶವಂತಪುರದ ಪೋಸ್ಟ್ ಆಫೀಸಿಗೆ ಅಮ್ಮನ ಜೊತೆ ಹೋಗಿ ಒಂದು ಆರ್‌ಡಿ ಮಾಡಿಸಿದೆ. ತಿಂಗಳಿಗೆ 600 ರೂಪಾಯಿ, ಅಂದ್ರೆ ದಿನಕ್ಕೆ 20. ಫೋನಲ್ಲಿ ಸಂಜೆ ಆರಕ್ಕೆ ಅಲಾರಂ ಇಟ್ಟಿದ್ದೀನಿ. ಅಲಾರಂ ಹೊಡೆದಾಗ 20 ರೂಪಾಯಿಯನ್ನ ಬೇರೆ ಖಾತೆಗೆ ಹಾಕ್ತೀನಿ, ತಿಂಗಳ ಕೊನೆಗೆ ಅದೇ ಆರ್‌ಡಿಗೆ ಹೋಗುತ್ತೆ. ಅಲಾರಂಗೆ ‘ಪಿಗ್ಮಿ ಅಂಕಲ್’ ಅಂತ ಹೆಸರಿಟ್ಟಿದ್ದೀನಿ. ಅಮ್ಮ ನಕ್ಕು, ‘ಅವರಾದ್ರೆ ಹತ್ತಾದ್ರೂ ಹಾಕು ಅಂತ ನಿಂತ್ಕೊಳ್ಳೋರು. ಇದನ್ನ ಆಫ್ ಮಾಡಿಬಿಡ್ತೀಯ’ ಅಂದ್ರು. ಹೌದು, ಈಗಾಗಲೇ ನಾಲ್ಕು ದಿನ ಆಫ್ ಮಾಡಿದ್ದೀನಿ.

ಇವತ್ತು ಮನೆಗೆ ಹೋದ್ಮೇಲೆ, ಅಥವಾ ಊರಿಗೆ ಫೋನ್ ಮಾಡಿದಾಗ, ಅಮ್ಮನನ್ನೋ ಅಜ್ಜಿಯನ್ನೋ ಒಂದು ಪ್ರಶ್ನೆ ಕೇಳಿ: ನೀವು ದುಡ್ಡು ಎಲ್ಲಿ ಬಚ್ಚಿಡ್ತಿದ್ರಿ? ಅದರಿಂದ ಏನು ಮಾಡಿದ್ರಿ? ಉತ್ತರ ನಮಗೂ ಕಳಿಸಿ. ಅಮ್ಮನ ಡಬ್ಬದಲ್ಲಿ ಈಗ ಎಷ್ಟಿದೆ ಅಂತ ನಾನೂ ಕೇಳಿದೆ. ‘ಸಾಸಿವೆ ಇದೆ’ ಅಂದ್ರು. ನನಗೆ ನಂಬಿಕೆ ಇಲ್ಲ, ಹುಡುಕೋಕೂ ಹೋಗಿಲ್ಲ.